ಉಳಿದದ್ದರ ಲೆಕ್ಕ

ಗ್ರಿಮ್ಸ್‌ಬಿಯ ಈ ಚರ್ಚಿನ ಹಿಂದಿನ ಹಾಲಿನಲ್ಲಿ
ಎಂಟೂಮುಕ್ಕಾಲಿಗೆ ಹೀಟರು ಕೆಮ್ಮಿಕೊಂಡು ಏಳುತ್ತದೆ.
ಅದಕ್ಕೂ ಮೊದಲೇ ಬಾಗಿಲಲ್ಲಿ ಕೋಡಿ.
ಮೂರೂವರೆ ವರ್ಷ. ಅಣ್ಣನ ಜಾಕೆಟ್ಟು, ತೋಳಿಗೆ ಎರಡು ಮಡಿಕೆ,
ಬಲಗಾಲ ಬೂಟು ಎಡಗಾಲಿಗೆ.
ಗುಡ್ ಮಾರ್ನಿಂಗಿನ ಬದಲು
"ಟೋಸ್ಟ್ ಆಯ್ತಾ?"

ನನ್ನ ಭಾಷೆಯಲ್ಲಿ ನಿನ್ನ ಹೆಸರಿಗೆ
ಕೆರೆ ತುಂಬಿ ಹೊರಗೆ ಹರಿಯೋದು ಅಂತ ಅರ್ಥ ಕಣೋ,
ಎಂದಿದ್ದೆ ಒಮ್ಮೆ, ಮೂಗೊರೆಸುತ್ತ.
ಕೆರೆ ಅಂದ್ರೆ?
ಮಳೆನೀರು ನಿಲ್ಲೋ ಜಾಗ, ಊರಿಗೆಲ್ಲ ಒಂದೇ.
ಅದಕ್ಕೂ ಕಾರ್ಡ್ ಹಾಕ್ಬೇಕಾ?
ನಾನು ನಕ್ಕುಬಿಟ್ಟೆ. ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಫಾರ್ಮು.
ಹತ್ತರವರೆಗೆ ಎಣಿಸಬಲ್ಲದೇ ಮಗು?
ಹೌದು, ಇಲ್ಲ, ಕಲಿಯುತ್ತಿದೆ. ಮೂರು ಚೌಕ.
ಹತ್ತು ಕೆಂಪು ಗುಂಡಿಗಳನ್ನು ಸಾಲಾಗಿಟ್ಟು ಕೂತೆ.
ಒಂದನ್ನು ಎತ್ತಿಕೊಂಡ. ಒಂಬತ್ತು, ಎಂದ.
ಇನ್ನೊಂದನ್ನು. ಎಂಟು.
ಏಳು. ಆರು. ಎಲ್ಲ ಜಾಕೆಟ್ಟಿನ ಜೇಬಿಗೆ,
ನಿನ್ನೆಯ ರೊಟ್ಟಿಯ ಅಂಚಿನ ಜೊತೆಗೆ.
ಮೂರರ ಹೊತ್ತಿಗೆ ದನಿ ಇಳಿದಿತ್ತು,
ಮಲಗಿದವರ ಪಕ್ಕದಲ್ಲಿ ಮಾತಾಡಿದ ಹಾಗೆ.
ಎರಡು.
ಒಂದು.
ಸೊನ್ನೆ ಎಂದವನೇ
ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡ.

ಹಾಗಲ್ಲ ಬಂಗಾರ, ಒಂದರಿಂದ.
ನಾನು ಮಗ್ಗಿ ಉರುಹೊಡೆದವಳು,
ಎರಡೊಂದ್ಲಿಂದ ಇಪ್ಪತ್ಹತ್ಲವರೆಗೆ
ಏರುತ್ತಲೇ ಹೋಗುವ ಲೆಕ್ಕ. ತಪ್ಪಿದರೆ ಗೆಣ್ಣಿಗೆ ಫುಟ್‌ಪಟ್ಟಿ.
ಸಂಖ್ಯೆ ಎಂದರೆ ಮೆಟ್ಟಿಲು,
ಹತ್ತುವುದಕ್ಕಷ್ಟೇ ಇರುವುದು ಎಂದುಕೊಂಡಿದ್ದೆ
ನಲವತ್ತಾರು ವರ್ಷ.

ಮರದ ಆಟದೊಲೆಯ ಮುಂದೆ ಆಗಲೇ ಜಗಳ.
ಗೋಡೆಯ ಬಿರುಕಿಗೆ ಬಿಸ್ಕತ್ತಿನ ರಟ್ಟು ತೂರಿಸಿ
ಕಾಯುತ್ತ ನಿಂತಿದ್ದಾನೆ ಕೋಡಿ, ಸೌಟು ಹಿಡಿದು.
ಬೇಡ, ಅದು ಸುಮ್ಮನೇ ಹತ್ತುತ್ತೆ, ಎಂದಳು ಬ್ರಯನಿ.
ಸುಮ್ಮನೆ ಯಾವ್ದೂ ಹತ್ತಲ್ಲ, ಎಂದ.
ಅಷ್ಟು ಖಚಿತವಾಗಿ ಹೇಳಿದ್ದಕ್ಕೆ
ಅವಳೂ ಕಾದಳು.

ಮಧ್ಯಾಹ್ನ ಅವನಮ್ಮ ಶನೈಸ್,
ಮೀನು ಫ್ಯಾಕ್ಟರಿಯ ಮೊದಲ ಪಾಳಿ ಮುಗಿಸಿ,
ಕೂದಲ ಬಲೆ ಇನ್ನೂ ತಲೆಮೇಲೆ.
ಮೀಟರು ಮೆಟ್ಟಿಲ ಕೆಳಗಿದೆ, ಎಂದಳು,
ಇವನ ಕಣ್ಣಿಗೆ ಸರಿಯಾಗಿ.
ನನಗೆ ನೋಡೋಕೆ ಧೈರ್ಯ ಇಲ್ಲ, ಇವನೇ ಓದಿ ಹೇಳ್ತಾನೆ:
ನಾಲ್ಕಿದೆ ಅಮ್ಮಾ, ಮೂರಿದೆ ಅಮ್ಮಾ.
ನಗುತ್ತಲೇ ಹೇಳಿದಳು. ಆಮೇಲೆ
ಜಿಪ್ಪು ಎಳೆಯುತ್ತ, ನನ್ನ ಕಡೆ ನೋಡದೆ,
ನಾನು ತಪ್ಪು ಕಲಿಸಿಬಿಟ್ಟೆನಾ?

ಏನು ಹೇಳಲಿ.
ತೆಗೆದುಕೊಂಡದ್ದನ್ನಲ್ಲ ಅವನು ಎಣಿಸುತ್ತಿದ್ದುದು,
ಉಳಿದದ್ದನ್ನು.
ಕೂಡುವುದಕ್ಕೆ ಮೊದಲೇ ಕಳೆಯುವುದು ಬಂದಿದೆ ಇವನಿಗೆ,
ಒಂದು ಸಲವೂ ತಪ್ಪದೆ.
ಅದಕ್ಕೆ ಚೌಕವಿಲ್ಲ.

ಇಲ್ಲ ಅಂತ ಟಿಕ್ ಹಾಕು, ಎಂದಳು ಲೊರೇನ್,
ಮೂವತ್ತು ವರ್ಷ ಈ ಹಾಲಿನ ಬೀಗ ತೆಗೆದವಳು.
ಇಲ್ಲ ಅಂದ್ರೆ ಒಂದಿಷ್ಟು ದುಡ್ಡು ಬರುತ್ತೆ ಅವನ ಹೆಸರಿಗೆ,
ಹೌದು ಅಂದ್ರೆ ಏನೂ ಇಲ್ಲ.
ಅವಳು ಹೇಳಿದ್ದು ಸರಿಯೇ.
ಹಾಕಿದೆ. ಪೆನ್ನು ಒಂದೇ ಸಲಕ್ಕೆ ಬರೆಯಿತು.
ರಾತ್ರಿಯೆಲ್ಲ ಆ ಗೀಟು
ಅಂಗಿಯೊಳಗೆ ಸೇರಿದ ಹುಲ್ಲುಕಡ್ಡಿಯಂತೆ ಚುಚ್ಚಿತು.

ಮಾರನೆಯ ದಿನ, ಹೀಟರಿಗಿಂತ ಮೊದಲು, ಕೋಡಿ.
ಜೇಬಿನಿಂದ ಗುಂಡಿ ತೆಗೆತೆಗೆದು ಮೇಜಿನ ಮೇಲಿಟ್ಟ,
ಕದ್ದದ್ದಲ್ಲ, ಸಾಲ ತಂದದ್ದು ಎನ್ನುವ ಠೀವಿಯಲ್ಲಿ.
ಒಂದು. ಎರಡು. ಮೂರು.
ನಾನು ಉಸಿರು ಹಿಡಿದೆ.
ಏಳು. ಎಂಟು.
ಒಂಬತ್ತು.
ಜೇಬನ್ನು ಒಳಹೊರಗು ಮಾಡಿ ತೋರಿಸಿದ, ಬರೀ ರೊಟ್ಟಿಪುಡಿ.
ಹತ್ತೆಲ್ಲಿ? ಎಂದೆ.

ಹತ್ತನ್ನ ಮೀಟರಿಗೆ ಹಾಕ್ದೆ.
ಟೋಸ್ಟ್ ಆಯ್ತಾ?